ಉಜ್ವಲಕ್ಕನ ಗೆರೆ

ಬಂದ್ಯೋಡಿನ ಪ್ಲೈವುಡ್ ಮಿಲ್ಲಿನಲ್ಲಿ ಹೆಂಗಸರು ಬುತ್ತಿ ಬಿಚ್ಚುವ ಮೇಜಿನ ನಡುವೆ ಮೊಳದುದ್ದದ ಗೆರೆಯೊಂದು ಉಬ್ಬಿಕೊಂಡಿತ್ತು. ಅದಕ್ಕೆ ‘ಉಜ್ವಲಕ್ಕನ ಗೆರೆ’ ಎಂದು ಹೆಸರಿಟ್ಟವಳು ಪುಷ್ಪಾವತಿ. ಇಟ್ಟು ಇಪ್ಪತ್ತಾರು ವರ್ಷವಾಯಿತು.

ಆಗ ಇಬ್ಬರೂ ಹೊಸಬರು. ತೊಡೆಗಾತ್ರದ ರಬ್ಬರ್ ಮರದ ತುಂಡುಗಳನ್ನು ಯಂತ್ರ ತೆಳ್ಳಗೆ ಸುಲಿದು ಕೊಡುತ್ತಿತ್ತು. ಗೇಣಗಲದ ಆ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ, ಗೋಂದು ಹಚ್ಚಿದ ಕಾಗದದ ಪಟ್ಟಿ ಅಂಟಿಸಿ, ಎಂಟಡಿಯ ದೊಡ್ಡ ಹಾಳೆ ಮಾಡುವುದು ಇವರ ಕೆಲಸ. ಒಂದು ತುದಿಯಿಂದ ಪುಷ್ಪಾವತಿ, ಇನ್ನೊಂದು ತುದಿಯಿಂದ ಉಜ್ವಲಾ. ಉಜ್ವಲಾ ಪಟ್ಟಿಯನ್ನು ಬ್ಲೇಡಿನಿಂದ ನೇರಕ್ಕೆ ಕೊಯ್ಯುವಳು. ಪುಷ್ಪಾವತಿಗೆ ಅಷ್ಟು ತಾಳ್ಮೆ ಎಲ್ಲಿ? ಹಲ್ಲಿನಲ್ಲಿ ಕಚ್ಚಿ ಹರಿಯುವಳು; ಮಧ್ಯಾಹ್ನದ ಗಂಜಿಗೂ ಗೋಂದಿನ ರುಚಿ.

“ಎಂತ ಪುಷ್ಪಾ ಇದು, ಇಲಿ ಕಡಿದ ಹಾಗೆ!” ಎಂದು ಉಜ್ವಲಾ ನಗುವಳು.

ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒತ್ತಿ ಹಲಗೆ ಮಾಡುವಾಗ ಪಟ್ಟಿ ಹೊರಮೈಗಿರಬೇಕು, ಆಮೇಲೆ ಉಜ್ಜಿ ತೆಗೆಯುತ್ತಾರೆ. ಒಳಗೆ ಸಿಕ್ಕಿಬಿದ್ದರೆ ಮೇಲೆ ಗೆರೆ ಏಳುತ್ತದೆ. ಮೊದಲ ವಾರವೇ ಹಾಗಾಯಿತು. ಮೇಸ್ತ್ರಿ ಕಿಟ್ಟಣ್ಣ ಆ ಹಲಗೆಗೆ ಕಾಲು ಹೊಡೆಸಿ ಊಟದ ಮೇಜು ಮಾಡಿಸಿದ.

“ನನ್ನ ಕೈಯ ಕೆಲಸ ಅಲ್ಲ ಅದು,” ಎಂದುಬಿಟ್ಟಳು ಪುಷ್ಪಾವತಿ. ಹಾಗೆ ತಪ್ಪು ಉಜ್ವಲಾಳ ತಲೆಗೆ ಬಂತು. ಆದರೂ ಶಿರಿಯದ ಮನೆಯಿಂದ ತಂದ ಬಂಗುಡೆಯಲ್ಲಿ ದೊಡ್ಡ ತುಂಡನ್ನು ದಿನಾ ಇವಳ ಕಡೆಗೇ ತಳ್ಳುವಳು. “ನಿಮ್ಮ ಮೀನು ಗೆರೆ ದಾಟಿತು ನೋಡಿ ಉಜ್ವಲಕ್ಕ!” ಎಂದು ಇವಳು ಕೀಟಲೆ ಮಾಡುವಳು. ಎಂಥ ಸುಖದ ದಿನಗಳವು!

ಕಳೆದ ಆಟಿ ತಿಂಗಳ ಮಳೆಯಲ್ಲಿ ಉಜ್ವಲಾ ತೀರಿಕೊಂಡಳು. ಈಗ ಹಾಳೆಗಳನ್ನು ತಾನೇ ಹೊಲಿದು ಕೂಡಿಸುವ ಯಂತ್ರ ಬಂದಿದೆ. ಅದಕ್ಕೆ ಜಾಗ ಮಾಡಲು, ನೀರು ಕುಡಿದು ಊದಿದ ಮೇಜನ್ನು ಬಾಯ್ಲರಿನ ಒಲೆಗೆ ಹಾಕಿ ಎಂದ ಸೂಪರ್‌ವೈಸರ್ ಜಿತೇಂದ್ರ.

ಪುಷ್ಪಾವತಿ ಅಡ್ಡ ನಿಂತಳು. “ನನಗೆ ಬೇಕು. ಮನೆಗೆ ಕೊಂಡುಹೋಗ್ತೇನೆ.”

“ಆ ಹಾಳಾದ ಹಲಗೆ ನಿಮಗೆ ಎಂತಕ್ಕೆ ಪುಷ್ಪಕ್ಕ?”

“ಅದರಲ್ಲಿ ಉಜ್ವಲಕ್ಕನ ಗೆರೆ ಉಂಟು ಮಾರಾಯ. ಅವರದ್ದೂಂತ ನನ್ನ ಹತ್ತಿರ ಬೇರೆ ಎಂತ ಉಂಟು?”

ಜಿತೇಂದ್ರ ಹೂಂ ಎಂದ. ಕಾಲು ಕಳಚಿ ಗೂಡ್ಸ್ ರಿಕ್ಷಾಕ್ಕೆ ಏರಿಸುವಾಗ ಊದಿದ ಮೇಲುಪದರ ಎದ್ದು ಬಂತು. ಗೆರೆಯ ಕೆಳಗೆ ಆ ಹಳೆಯ ಪಟ್ಟಿ ಹಾಗೆಯೇ ಇತ್ತು. ಎರಡೂ ತುದಿ ಇಲಿ ಕಡಿದ ಹಾಗೆ.

ಪುಷ್ಪಾವತಿ ಅದರ ಮೇಲೆ ಬೆರಳಾಡಿಸಿದಳು. ದಿನಾ ಇಂಥ ತುದಿಗಳನ್ನು ನೋಡಿ ನಗುತ್ತಿದ್ದ ಉಜ್ವಲಕ್ಕನಿಗೆ ಗೆರೆ ಯಾರದ್ದೆಂದು ತಿಳಿಯದೆ ಇದ್ದೀತೇ?

“ಉಜ್ವಲಕ್ಕನ ಗೆರೆ ಜೋಪಾನ,” ಎಂದ ಜಿತೇಂದ್ರ.

“ಅವರದ್ದಲ್ಲ, ನನ್ನದು,” ಎಂದಳು ಪುಷ್ಪಾವತಿ. ಕೇಳಬೇಕಾದವಳು ಇರಲಿಲ್ಲ. ಪುಷ್ಪಾವತಿ ಹಲಗೆಯನ್ನು ತಬ್ಬಿಕೊಂಡು ಅತ್ತಳು.