ಚಕ್ರದಡಿಯ ಕಲ್ಲು

ಶಿವರಾಯ ಸೋಮವಾರ ಬೆಳಿಗ್ಗೆ ಆರೂವರೆಗೆ ತೀರಿಕೊಂಡ. ನಾಸಿಕದ ಪಂಚವಟಿಯಲ್ಲಿ, ತನ್ನ ಮನೆಯ ಮೆಟ್ಟಿಲ ಮೇಲೆ, ಕೂತಲ್ಲೇ. ೧೯೭೪ರ ಡಿಸೆಂಬರ್ ತಿಂಗಳು. ಅವನಿಗೆ ಐವತ್ತೊಂದು ವರ್ಷ.

ಓಣಿಯವರು ಸೇರಿದರು. ಡಾಕ್ಟರು ಬಂದು ನಾಡಿ ನೋಡಿ, ಹಿಡಿದ ಕೈಯನ್ನು ಮೆಲ್ಲಗೆ ಅವನ ಮಡಿಲಲ್ಲೇ ಇಟ್ಟರು. ಹೆಂಡತಿ ಕಸ್ತೂರಿಬಾಯಿಯನ್ನು ನೆರೆಯ ಹೆಂಗಸರು ಹಿಡಿದುಕೊಂಡರು. ಇಷ್ಟೆಲ್ಲ ನಡೆಯುವಾಗ ಅಂಗಳದಲ್ಲಿ ಅವನ ಕಾರಿನ ಇಂಜಿನ್ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಏಳೂವರೆಯ ಹೊತ್ತಿಗೆ, ಔರಂಗಾಬಾದಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಕಸ್ತೂರಿಬಾಯಿಯ ತಮ್ಮ ವೈಜನಾಥ, ಗುಂಪನ್ನು ಕಂಡು ಚೀಲ ಅಲ್ಲೇ ಬಿಟ್ಟು ಅಕ್ಕನ ಬಳಿಗೆ ಓಡಿದ. ಬಹಳ ಹೊತ್ತಿನ ಮೇಲೆ ಎದ್ದು ಬಂದು ಇಂಜಿನ್ ನಿಲ್ಲಿಸಿದವನು ಅವನೇ. ಆಮೇಲಿನ ಮೌನದಲ್ಲೇ ಓಣಿಯ ಎಷ್ಟೋ ಜನ ಅಳಲು ಶುರುಮಾಡಿದ್ದು.

ಅವನು ತೀರಿಕೊಳ್ಳದಿದ್ದರೆ ಅವತ್ತು ಓಣಿಯ ಸುದ್ದಿ ಬೇರೆಯೇ ಇರುತ್ತಿತ್ತು. ಶಿವರಾಯನ ಕಾರು ಯಾರೂ ನೂಕದೆ ಚಾಲೂ ಆಗಿತ್ತು.

ಅವನು ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು. ಬೀದರ, ಔರಂಗಾಬಾದ್ ಎರಡೂ ನಿಜಾಮರ ಕೈಯಲ್ಲಿದ್ದ ಕಾಲಕ್ಕೆ ಕೆಲಸ ಹುಡುಕಿಕೊಂಡು ಔರಂಗಾಬಾದಿಗೆ ಬಂದು, ಅಲ್ಲಿನ ಒಂದು ಗ್ಯಾರೇಜಿನಲ್ಲಿ ಮೋಟಾರಿನ ಕೆಲಸ ಕಲಿತ. ಆಮೇಲೆ ನಾಸಿಕದ ಒಬ್ಬ ವ್ಯಾಪಾರಿಯ ಮನೆಗೆ ಡ್ರೈವರ್ ಆದ. ಆ ಯಜಮಾನರು ಕಣ್ಣು ಮುಚ್ಚಿದ ಮೇಲೆ ಅವರ ಜರ್ಮನಿಯ ಹಳೆಯ ಕರಿ ಡೀಸೆಲ್ ಕಾರು ಅವನ ಪಾಲಿಗೆ ಬಂತು. ಹನ್ನೆರಡು ವರ್ಷ ಅದನ್ನೇ ಟ್ಯಾಕ್ಸಿ ಮಾಡಿಕೊಂಡು ನಾಸಿಕದಿಂದ ನಿಫಾಡ್, ಯೇವಲಾ ಮೇಲೆ ಔರಂಗಾಬಾದಿಗೆ ಹೋಗಿ ಬಂದು ಮಾಡಿದ. ಪ್ರಯಾಣಿಕರ ಜೊತೆ ಉರ್ದು, ಪೊಲೀಸರ ಜೊತೆ ಮರಾಠಿ. ಕನ್ನಡ ಅವನ ಬಾಯಲ್ಲಿ ಬರುತ್ತಿದ್ದುದು ಎರಡೇ ಕಡೆ: ಮನೆಯಲ್ಲಿ, ಮತ್ತು ಓಣಿಯ ತುದಿಯಲ್ಲಿದ್ದ ಕೃಷ್ಣರಾಜನ ಹೋಟೆಲಿನಲ್ಲಿ. ಕೃಷ್ಣರಾಜ ಕುಂದಾಪುರದವನು. ಊರೆಲ್ಲ ಅವನನ್ನು ಅಣ್ಣಾ ಎನ್ನುತ್ತಿತ್ತು, ಶಿವರಾಯನೂ ಹಾಗೇ ಕರೆಯುತ್ತಿದ್ದ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಅವರು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು.

ಡೀಸೆಲ್ ಇಂಜಿನ್‌ಗೆ ಪೆಟ್ರೋಲ್ ಇಂಜಿನ್‌ನಂತೆ ಕಿಡಿ ಇರುವುದಿಲ್ಲ. ಚಳಿಯಲ್ಲಿ ಅದು ಹೊತ್ತಿಕೊಳ್ಳಬೇಕಾದರೆ ಒಳಗೆ ಮೊದಲು ಬಿಸಿಯಾಗಬೇಕು. ಅದಕ್ಕೆಂದು ಸಿಲಿಂಡರಿಗೊಂದರಂತೆ ನಾಲ್ಕು ಗ್ಲೋ ಪ್ಲಗ್. ನಾಸಿಕದ ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್ ಎನ್ನುತ್ತಾರೆ. ಶಿವರಾಯನ ಕಾರಿನಲ್ಲಿ ಅವು ಒಂದರಿಂದ ಒಂದಕ್ಕೆ ಸರಪಳಿಯ ಹಾಗೆ ಜೋಡಿಸಿದ್ದವು. ಒಂದು ಸುಟ್ಟರೆ ನಾಲ್ಕೂ ತಣ್ಣಗೆ. ಸ್ಟೀರಿಂಗಿನ ಪಕ್ಕ ಒಂದು ಗುಂಡಿ, ಅದರ ಮೇಲೆ ಜಾಲರಿಯ ಸಣ್ಣ ಕಿಂಡಿ. ಗುಂಡಿಯನ್ನು ಅರ್ಧ ಎಳೆದು ಹಿಡಿದರೆ ಕಿಂಡಿಯೊಳಗಿನ ತಂತಿ ನಿಧಾನವಾಗಿ ಕೆಂಪಾಗುತ್ತಿತ್ತು. ಪೂರ್ತಿ ಕೆಂಪಾದ ಮೇಲೆ ಪೂರ್ತಿ ಎಳೆಯಬೇಕು. ಅಷ್ಟು ಹೊತ್ತನ್ನು ಅವನು ಗಡಿಯಾರದಿಂದ ಅಳೆಯುತ್ತಿರಲಿಲ್ಲ. ಸ್ನಾನ, ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮುಂಚೆ ಬಂದು ಕೂತು, ಇಪ್ಪತ್ತೊಂದು ಸಲ ನಮಃ ಶಿವಾಯ ಎನ್ನುತ್ತಿದ್ದ. ಇಪ್ಪತ್ತೆರಡನೆಯದಕ್ಕೆ ಇಂಜಿನ್ ಮಾತಾಡುತ್ತಿತ್ತು.

ಮೂರು ವರ್ಷದ ಹಿಂದೆ ಮೊದಲ ಪ್ಲಗ್ ಸುಟ್ಟಿತು. ಹೊಸದು ಮುಂಬಯಿಯಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವನು ಸುಟ್ಟದ್ದರ ಎರಡು ತುದಿಗೂ ಒಂದು ತಾಮ್ರದ ತಂತಿ ಸುತ್ತಿ, ಕರೆಂಟು ಅದನ್ನು ದಾಟಿ ಮುಂದಕ್ಕೆ ಹೋಗುವಂತೆ ಮಾಡಿದ. ಉಳಿದ ಮೂರು ಉರಿದವು. ಮುಂದಿನ ಚಳಿಗಾಲಕ್ಕೆ ಇನ್ನೊಂದು ಹೋಯಿತು, ಅದಕ್ಕೂ ತಂತಿ. ನಾಲ್ಕಕ್ಕೆ ಹಂಚಬೇಕಾದ ಕರೆಂಟು ಎರಡರ ಮೇಲೇ ಬಿದ್ದು ಅವೂ ಒಂದಾದ ಮೇಲೊಂದು ಸುಟ್ಟವು. ಇದು ಗೊತ್ತಿಲ್ಲದವನಲ್ಲ ಶಿವರಾಯ. ಗೊತ್ತಿದ್ದೂ ಮಾಡಿದ. ಅಂದಂದಿನ ಬೆಳಗು ಅಂದಂದು ಸಾಗಿದರೆ ಸಾಕಾಗಿತ್ತು ಅವನಿಗೆ.

ಅಲ್ಲಿಂದ ಶುರುವಾದದ್ದು ಇಳಿಜಾರಿನ ಬದುಕು. ಓಣಿ ಗೋದಾವರಿಯ ಕಡೆಗೆ ಇಳಿಯುತ್ತದೆ. ಪ್ರತಿ ಸಂಜೆ ಕಾರನ್ನು ಮೂತಿ ಕೆಳಕ್ಕಾಗಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಒಂದು ಚಪ್ಪಟೆ ಕರಿಗಲ್ಲು ಕೊಡುತ್ತಿದ್ದ. ಬೆಳಿಗ್ಗೆ ಹೋಟೆಲಿನ ಅಡುಗೆಯ ಶೀನ ಇಬ್ಬರನ್ನು ಕರೆದುಕೊಂಡು ಬಂದು ನೂಕುತ್ತಿದ್ದ.

“ಏಳಿ ಮಾರಾಯ್ರೆ, ನಿಮ್ಮ ಎಮ್ಮೆ ಎಬ್ಬಿಸದೆ ನನ್ನ ಇಡ್ಲಿ ಒಲೆ ಮೇಲೆ ಏರೂದಿಲ್ಲ.”

“ಎಮ್ಮಿ ಅನಬ್ಯಾಡೋ ಶೀನಾ, ಸಿಟ್ಟು ಬಂದ್ರ ನದಿಗೇ ಹೋಗಿ ಕೂಡ್ತದ.”

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಿಫಾಡ್‌ನಲ್ಲಿ, ದ್ರಾಕ್ಷಿ ತೋಟಗಳ ಮೇಲೆ ಮಂಜು ಕೂತ ಹೊತ್ತಿನಲ್ಲಿ ಕಾರು ನಿಂತುಬಿಟ್ಟಿತು. ಒಳಗಿದ್ದವರು ದಿನ ತುಂಬಿದ ಒಬ್ಬ ಬಸುರಿ ಮತ್ತು ಅವಳ ತಾಯಿ. ಅವರನ್ನು ಇಳಿಸದೆ, ಬಾಗಿಲಿಗೆ ಹೆಗಲು ಕೊಟ್ಟು ಅವನೊಬ್ಬನೇ ನೂಕಿದ. ಕಾರು ಹೊರಟಿತು. ಆದರೆ ಅವತ್ತು ಎದೆಯಲ್ಲಿ ಹಿಡಿದುಕೊಂಡದ್ದು ಪೂರ್ತಿ ಬಿಡಲಿಲ್ಲ. ದಸರೆಯ ಹೊತ್ತಿಗೆ ಡಾಕ್ಟರು ಹೃದಯ ದಣಿದಿದೆ ಎಂದರು. ಭಾರ ಎತ್ತಬಾರದು, ಕಾರು ಓಡಿಸುವುದನ್ನೂ ಬಿಡಬೇಕು. ಅದನ್ನವನು ಕೃಷ್ಣರಾಜನಿಗೊಬ್ಬನಿಗೇ ಹೇಳಿದ.

“ಮನೆಯಲ್ಲಿ ಹೇಳಿ ಮಾರಾಯ್ರೆ.”

“ಹೇಳಿ ಏನ್ ಮಾಡ್ಲಿ ಅಣ್ಣಾ? ಇವತ್ತಿಂದೇ ಅಳಾಕ ಚಾಲೂ ಮಾಡ್ತಾಳ. ಮೊದಲ ಗಾಡಿಗಿ ಒಬ್ಬ ಮನಷಾ ಆಗಲಿ.”

ಆ ಮನುಷ್ಯ ವೈಜನಾಥ. ಔರಂಗಾಬಾದಿನ ಒಂದು ಹತ್ತಿ ಗಿರಣಿಯಲ್ಲಿ ಲಾರಿ ಓಡಿಸುತ್ತಿದ್ದ. ಅವನು ಕಾರು ಹಿಡಿದರೆ ಅಕ್ಕ, ಅವಳ ಇಬ್ಬರು ಹೆಣ್ಣುಮಕ್ಕಳ ಅನ್ನಕ್ಕೆ ದಾರಿಯಾಗುತ್ತಿತ್ತು. ಬೇರೆ ದಾರಿ ಇರಲಿಲ್ಲ. ಅವನು ಬರೆದ ಕಾಗದವನ್ನು ಶಿವರಾಯ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ‘ಮಾವಾ, ಗಾಡಿ ನಾ ಹೊಡೀತೀನಿ. ಆದ್ರ ನಮ್ಮ ಓಣಿ ಸಪಾಟ ಅದ. ಇಲ್ಲಿ ಇಳಿಜಾರೂ ಇಲ್ಲ, ನೂಕಲಿಕ್ಕಿ ಹೋಟೆಲ್ ಮಂದೀನೂ ಇಲ್ಲ. ಥಂಡ್ಯಾಗ ತಾನೇ ಚಾಲೂ ಆಗೋದು ಕಣ್ಣಿಲೆ ನೋಡಿದ್ರ ನೌಕರಿ ಬಿಡ್ತೀನಿ. ಇಲ್ಲಂದ್ರ ಸಿಟ್ಟಾಗಬ್ಯಾಡ್ರಿ.’

ಸೋಮವಾರ ಬೆಳಿಗ್ಗೆ ಬಂದು ನೋಡುವುದೆಂದು ಆಯಿತು. ಕೃಷ್ಣರಾಜ ಮುಂಬಯಿಗೆ ಹೋದವನು ಹಳೆಯ ಬಿಡಿಭಾಗಗಳ ಬಜಾರೆಲ್ಲ ಅಲೆದು, ಎಣ್ಣೆಕಾಗದದಲ್ಲಿ ಸುತ್ತಿದ ನಾಲ್ಕು ಹೊಸ ಪ್ಲಗ್ ತಂದ. ಶನಿವಾರ ಶಿವರಾಯ ಹಳೆಯ ಪ್ಲಗ್ಗುಗಳ ಬುಡಕ್ಕೆ ಸೀಮೆಎಣ್ಣೆ ಬಿಟ್ಟು ನೆನೆಯಲು ಬಿಟ್ಟ. ಭಾನುವಾರ ಬೆಳಿಗ್ಗೆ ಶೀನನ ಕಡೆಯವರು ನೂಕಿ ಕಾರು ಎಬ್ಬಿಸಿದರು. ಓಝರ್ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಇಂಜಿನ್ ಬಿಸಿ ಮಾಡಿಕೊಂಡು ಬಂದ. ತಣ್ಣಗಿದ್ದಾಗ ತಿರುವಿದರೆ ಪ್ಲಗ್ಗುಗಳು ಮುರಿಯುತ್ತವೆ. ಮುರಿದು ಒಳಗುಳಿದರೆ ಇಂಜಿನ್ನಿನ ತಲೆಯನ್ನೇ ಬಿಚ್ಚಬೇಕು. ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಸೋಮವಾರದೊಳಗಂತೂ ಅಲ್ಲ.

ಮೂರು ಹೊರಗೆ ಬಂದವು. ತುದಿಗಳು ಕರಗಿ, ಮೇಣದಬತ್ತಿಯ ಬುಡದಂತಾಗಿದ್ದವು. ತೂತುಗಳ ಕರಿ ಕೆರೆದು, ಹೊಸದನ್ನು ಮೊದಲು ಬೆರಳಿನಿಂದಲೇ ತಿರುವಿ, ಸಲೀಸಾಗಿ ಕೂತ ಮೇಲೆ ಸ್ಪಾನರ್ ಹಾಕಿದ. ಕಸ್ತೂರಿಬಾಯಿ ಮೆಟ್ಟಿಲ ಮೇಲೆ ಕೂತು ಜೋಳ ಹಸನು ಮಾಡುತ್ತ ಎಲ್ಲವನ್ನೂ ನೋಡುತ್ತಿದ್ದಳು.

“ಎರಡಕ್ಕ ತಂತಿ ಯಾಕ ಸುತ್ತಿದ್ರಿ?”

“ಸತ್ತಿದ್ದು ಅವು. ಕರೆಂಟು ದಾಟಿಸಿದ್ದೆ.”

“ನಾಕು ಮಂದಿ ಹೊರೂದು ಇಬ್ಬರ ಮ್ಯಾಲ ಹಾಕಿದ್ರಿ ಅನ್ರಿ. ಅವೂ ಸತ್ತಿದ್ರಾಗ ಏನು ಸೋಜಿಗ?” ಎಂದವಳು ಮಾತು ಬದಲಿಸಿದಳು. “ನಳದ ಹತ್ತರ ಅರಬಿ ಒಗಿಯೋ ಕಲ್ಲ ಒಡೆದು ತಿಂಗಳಾತು. ಗಾಡಿ ಆದ ಮ್ಯಾಲ ಅದನ್ನೂ ನೋಡ್ರಿ.”

“ನೋಡ್ತೀನಿ.”

ನಾಲ್ಕನೆಯದು ಮುಂದಿನ ಗಾಜಿನ ಕಡೆಯ ಕೊನೆಯದು. ಕೈ ಆಡಲು ಜಾಗವಿಲ್ಲ. ಸ್ಪಾನರಿಗೆ ಕೊಳವೆ ಸಿಕ್ಕಿಸಿ ಎಳೆದ. ಅಲುಗಲಿಲ್ಲ. ಇನ್ನೊಮ್ಮೆ ಎಳೆದ. ಎಡಗೈಗೆ ಜೋಮು ಹತ್ತಿತು, ಕಣ್ಣಮುಂದೆ ಬಾನೆಟ್ಟಿನ ಕರಿ ಹರಡಿಕೊಂಡಿತು. ಕಾರಿಗೆ ಒರಗಿ ನಿಂತ. ಹೋಟೆಲಿನಿಂದ ಚಹಾ ಹಿಡಿದುಕೊಂಡು ಬಂದ ಕೃಷ್ಣರಾಜ ಅವನ ಮುಖ ನೋಡಿ ಲೋಟ ಕೆಳಗಿಟ್ಟ.

“ಸಾಕು ಬಿಡಿ ಮಾರಾಯ್ರೆ. ಮೂರು ಹೊಸತು ಆಯ್ತಲ್ಲ. ಇದಕ್ಕೊಂದು ತಂತಿ ಸುತ್ತಿ. ನಾಳೆ ಬೆಳಿಗ್ಗೆ ಹೊರಟರೆ ಆಯ್ತಲ್ಲ, ವೈಜನಾಥನಿಗೆ ಎಂತ ಗೊತ್ತಾಗ್ತದೆ?”

ತಾಮ್ರದ ತಂತಿ ಅಲ್ಲೇ ಬಾನೆಟ್ಟಿನ ಅಂಚಿನಲ್ಲಿ ಬಿದ್ದಿತ್ತು. ಶಿವರಾಯ ಅದನ್ನು ಎತ್ತಿಕೊಂಡ. ಬೆರಳಿಗೆ ಸುತ್ತಿದ, ಬಿಚ್ಚಿದ. ನಾಳೆ ಹೊರಡುತ್ತಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಈ ಚಳಿಗಾಲವೂ ಕಳೆಯುತ್ತಿತ್ತು.

“ನಾಳಿಗಿ ಆಗ್ತದ ಅಣ್ಣಾ. ಬರೂ ವರ್ಷದ ಥಂಡ್ಯಾಗ ಉಳಿದ ಮೂರೂ ಸುಡತಾವ. ಆಗ...” ಎಂದವನು ನಿಲ್ಲಿಸಿದ. ತಂತಿಯನ್ನು ಜೇಬಿಗೆ ಹಾಕಿಕೊಂಡು ಹೆಂಡತಿಯ ಕಡೆ ತಿರುಗಿದ. “ಕಸ್ತೂರಿ, ಬಾ ಇಲ್ಲಿ. ಇದನ್ನ ಹಿಡಿ.”

ಮೊರ ಕೆಳಗಿಟ್ಟು ಎದ್ದು ಬಂದಳು. ಹನ್ನೆರಡು ವರ್ಷದಲ್ಲಿ ಅವನು ಅವಳ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟವನಲ್ಲ, ಒರೆಸುವ ಬಟ್ಟೆಯನ್ನೂ ತಾನೇ ಒಗೆದುಕೊಳ್ಳುತ್ತಿದ್ದ. ಅವಳು ಸ್ಪಾನರನ್ನು ನೋಡಿದಳು, ಅವನ ತುಟಿಯ ಬಣ್ಣ ನೋಡಿದಳು, ಆಮೇಲೆ ನೆಲ ನೋಡುತ್ತ ನಿಂತಿದ್ದ ಕೃಷ್ಣರಾಜನನ್ನು.

“ಅಣ್ಣಾವರಿಗಿ ಗೊತ್ತದ ಏನು?”

ಕೃಷ್ಣರಾಜ ಬಗ್ಗಿ ಲೋಟವನ್ನು ಚಕ್ರದ ಪಕ್ಕಕ್ಕೆ ಸರಿಸಿದ.

“ಎಷ್ಟ ದಿವಸ ಆತು?”

“ದಸರಾದಾಗ ಹೇಳ್ಯಾರ,” ಎಂದ ಶಿವರಾಯ. “ಇಂಜಿನ್ ಆರತದ ಕಸ್ತೂರಿ. ಮೊದಲ ಇದನ್ನ ತಗಿ.”

ಅವಳು ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹ್ಯಾಂಗ ತಿರುವಬೇಕು ಹೇಳ್ರಿ.”

“ಜಗ್ಗಬ್ಯಾಡ. ಬೀಸುಕಲ್ಲಿನ ಗೂಟ ಹಿಡಿದಂಗ ಹಿಡಿ. ತುಸು ಮುಂದ, ತುಸು ಹಿಂದ. ಅದಾ ಬಿಡಬೇಕು, ನಾವು ಬಿಡಸಬಾರದು.”

ಇಪ್ಪತ್ತು ವರ್ಷ ಜೋಳ ಬೀಸಿದ ತೋಳು. ತುಸು ಮುಂದೆ, ತುಸು ಹಿಂದೆ. ಶಿವರಾಯ ಪ್ಲಗ್ಗಿನ ಬುಡದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡಿದ್ದ. ಕೃಷ್ಣರಾಜನ ಚಹಾ ಆರಿಹೋಯಿತು. ಬಹಳ ಹೊತ್ತಿಗೆ ಒಳಗೆಲ್ಲೋ ಒಣ ಕಡ್ಡಿ ಮುರಿದಂತೆ ಸಪ್ಪಳವಾಯಿತು. ಅವಳ ಕೈ ನಿಂತುಬಿಟ್ಟಿತು.

“ಮುರೀತೇನ್ರಿ?”

“ಇಲ್ಲ,” ಎಂದ, ಕಣ್ಣು ತೆರೆಯದೆ. “ಬಿಟ್ಟದ. ತಿರುವು.”

ಸಂಜೆ ಅವನು ಕಾರನ್ನು ಇಳಿಜಾರಿಗೆ ಒಯ್ಯಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅಂಗಳದ ಸಮನೆಲದ ಮೇಲೆ ನಿಲ್ಲಿಸಿದ. ಕಲ್ಲು ಓಣಿಯ ಅಂಚಿನಲ್ಲಿ ಒಂಟಿಯಾಗಿ ಉಳಿಯಿತು. ಕೃಷ್ಣರಾಜ ಹೋಗುವಾಗ, ಬೆಳಿಗ್ಗೆ ಶೀನನನ್ನು ಕಳಿಸಲೇ ಎಂದು ಕೇಳಿದ. ಬೇಡ ಎಂದ ಶಿವರಾಯ. ಗಂಡಹೆಂಡಿರ ನಡುವೆ ಆಮೇಲೆ ಏನು ಮಾತಾಯಿತೋ ಕಸ್ತೂರಿಬಾಯಿ ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ. ಬೆಳಗಿನದನ್ನು ಮಾತ್ರ ಹೇಳಿದ್ದಾಳೆ.

ಅಂದು ಚಳಿ ಬಹಳವಿತ್ತು. ಗಾಜಿನ ಮೇಲೆ ನೀರು ಹರಳುಗಟ್ಟಿತ್ತು. ಪೂಜೆ ಮುಗಿಸಿ ಬಂದು ಶಿವರಾಯ ಚಾಲಕನ ಬಾಗಿಲು ತೆರೆದ, ತಾನು ಕೂರಲಿಲ್ಲ.

“ನೀ ಕೂಡು.”

“ನಾನಾ? ಥೂ, ನೋಡಿದವರು ಏನಂದಾರು?”

“ಗಾಡಿ ಚಾಲೂ ಆತು ಅಂತಾರ. ಕೂಡು.”

ಕೂತಳು. ಗುಂಡಿ ತೋರಿಸಿದ. ಅರ್ಧ ಎಳೆದು ಹಿಡಿದಳು. ನಮಃ ಶಿವಾಯ ಎನ್ನುತ್ತ ಎಣಿಸತೊಡಗಿದಳು.

“ಸಾವಕಾಶ. ಬಸ್ಸು ಹಿಡೀಲಿಕ್ಕಿ ಹೊಂಟಿಲ್ಲ ನಾವು. ಪೂಜಾಕ್ಕ ಕೂತಂಗ ಅನ್ನು.”

ಹತ್ತಕ್ಕೆ ಕಿಂಡಿಯಲ್ಲಿ ಏನೂ ಇರಲಿಲ್ಲ. ಹದಿನಾಲ್ಕಕ್ಕೆ ತಂತಿ ಕಂದಾಯಿತು. ಹದಿನೆಂಟಕ್ಕೆ ಅವಳು ಕಿಂಡಿಗೆ ಬಾಗಿದಳು: “ಕೆಂಪಾತ್ರಿ.” ಅವನು ಬೆರಳೆತ್ತಿ ತಡೆದ. ಇಪ್ಪತ್ತೊಂದಕ್ಕೆ ತಲೆಯಾಡಿಸಿದ. ಅವಳು ಪೂರ್ತಿ ಎಳೆದಳು. ಇಂಜಿನ್ ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಹಿಡಿದುಕೊಂಡಿತು.

“ತಮ್ಮ ಬರೂತನಾ ನಿಲ್ಲಸಲೇನ್ರಿ?”

“ಬ್ಯಾಡ. ಓಡಲಿ. ನಾಳಿ ಮುಂಜಾನಿ ಥಂಡ್ಯಾಗ ಅವಗ ಮತ್ತೊಮ್ಮಿ ನೀನೇ ತೋರಸು.”

ಅವಳು ಚಹಾ ಇಡಲು ಒಳಗೆ ಹೋದಳು. ಒಲೆ ಹೊತ್ತಿಸುತ್ತ ಕಿಟಕಿಯಿಂದ ನೋಡಿದಾಗ ಅವನು ಓಣಿಯ ಅಂಚಿನಿಂದ ಬರುತ್ತಿದ್ದ. ಎರಡು ಕೈಯಲ್ಲಿ ಹೊಟ್ಟೆಗೆ ಆನಿಸಿಕೊಂಡು ಆ ಕರಿಗಲ್ಲು ತರುತ್ತಿದ್ದ. ಅವಳು ಕೂಗಿದಳು. ಇಂಜಿನ್ನಿನ ಸಪ್ಪಳದಲ್ಲಿ ಅವನಿಗೆ ಕೇಳಿಸಲಿಲ್ಲ. ನಳದ ಬಳಿ ಕೂತು ಕಲ್ಲಿನ ಚಪ್ಪಟೆ ಬದಿ ಮೇಲೆ ಮಾಡಿ ಇಟ್ಟ. ಅಂಗೈ ಊರಿ ನೋಡಿದ. ಒಂದು ಮೂಲೆ ಅಲುಗಿತು. ಸುತ್ತ ಹುಡುಕಿ ಒಂದು ಹಂಚಿನ ಚೂರು ತಂದು ಆ ಮೂಲೆಯ ಕೆಳಗೆ ತುರುಕಿದ. ಮತ್ತೆ ಅಂಗೈ ಊರಿದ. ಅಲುಗಲಿಲ್ಲ. ಮೊಣಕಾಲಿಗೆ ಕೈಕೊಟ್ಟು ಎದ್ದು, ಬಂದು ಮೆಟ್ಟಿಲ ಮೇಲೆ ಕೂತ.