ಉಸಿರೆಣಿಸಲು ಕಲಿತ ಕಂಡಕ್ಟರು

ನರ್ಸಿಂಗ್ ಕಾಲೇಜಿನ ಆ ತರಗತಿಯಲ್ಲಿ ತಲೆ ನರೆಯತೊಡಗಿದ್ದವನು ಅವನೊಬ್ಬನೇ. ಉಳಿದವರೆಲ್ಲ ಈಚೆಗಷ್ಟೇ ಹದಿಹರೆಯ ದಾಟಿದವರು. ಮೊದಲ ದಿನ ಅವನು ಒಳಗೆ ಕಾಲಿಟ್ಟಾಗ ಪಾಠ ಹೇಳಲು ಬಂದ ಮೇಷ್ಟರೆಂದುಕೊಂಡು ಎಲ್ಲರೂ ದಡಬಡನೆ ಎದ್ದು ನಿಂತಿದ್ದರು. ಅವನು ಹಿಂದಿನ ಬೆಂಚಿಗೆ ನಡೆಯುತ್ತ, "ಕೂತ್ಕೊಳ್ಳಿ, ಕೂತ್ಕೊಳ್ಳಿ, ಒಳಗಡೆ ಸೀಟು ಬೇಕಾದಷ್ಟಿದೆ" ಎಂದಿದ್ದ. ಹಿಂದೆ ಇವನು ಬಸ್ ಕಂಡಕ್ಟರಾಗಿದ್ದ ಎಂಬುದು ಬಯಲಾಗಲು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂದಿನಿಂದ ಅವನು ಎಲ್ಲರ ಬಾಯಲ್ಲೂ ಕಂಡಕ್ಟರಣ್ಣ.

ಬಸ್ ಕಂಪನಿ ಮುಚ್ಚಿಹೋಗಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದವನನ್ನು ಈ ದಾರಿಗೆ ತಳ್ಳಿದವಳು ಹೆಂಡತಿ. ಅವಳದು ಆಸ್ಪತ್ರೆ ರಸ್ತೆಯ ತಿರುವಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಕಾಲೇಜಿನ ಪ್ರಕಟಣೆಯ ಪ್ರತಿ ತೆಗೆಯುವಾಗ ವಯಸ್ಸಿನ ಮಿತಿ ಇಲ್ಲವೆಂಬ ಸಾಲು ಅವಳ ಕಣ್ಣಿಗೆ ಬಿತ್ತು. "ಇಡೀ ದಿನ ಅಷ್ಟು ಜನರನ್ನ ಸಂಭಾಳಿಸಿದವರು ನೀವು. ಮಲಗಿರೋರನ್ನ ಸಂಭಾಳಿಸೋಕೆ ಆಗಲ್ವಾ?" ಎಂದಳು. ಜೊತೆಯಲ್ಲೇ ಇದ್ದ ಅವಳ ತಾಯಿ ಮಾತ್ರ, "ಟಿಕೆಟ್ ಹರಿಯೋ ಕೈಗೆ ಸೂಜಿ ಕೊಡ್ತಾರಂತೆ. ಪಾಪ, ಯಾರಿಗೆ ಕಾದಿದೆಯೋ" ಎಂದು ನಕ್ಕಿದ್ದರು. ಅತ್ತೆಯ ಮಾತಿಗೆ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಓದು ಕಷ್ಟವಾಯಿತು, ಆದರೂ ಹೇಗೋ ಕುಂಟುತ್ತ ಸಾಗಿತು. ವಾರ್ಡಿನ ಕಲಿಕೆ ಶುರುವಾದ ಮೇಲೆ ಅವನಿಗೆ ಜೀವ ಬಂದಂತಾಯಿತು. ಸರ್ಜಿಕಲ್ ವಾರ್ಡಿನ ಉದ್ದನೆಯ ಕೋಣೆ, ಎರಡೂ ಕಡೆ ಸಾಲು ಮಂಚಗಳು, ನಡುವೆ ಓಡಾಡುವ ಓಣಿ. ಥೇಟ್ ಬಸ್ಸಿನ ಒಳಗಿನಂತೆಯೇ ಇತ್ತು. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಆಪರೇಷನ್ ಆದವರನ್ನು ತೋಳು ಹಿಡಿದು ಕೂರಿಸುವುದು, ಕೆಮ್ಮಿಸುವುದು, ನಡೆಸುವುದು, ಎಲ್ಲಕ್ಕೂ ಅವನ ಬಾಯಿ ಕೈಗಿಂತ ಮುಂದೆ. "ಏಳಿ ಯಜಮಾನ್ರೇ, ಇಳಿಯೋ ಸ್ಟಾಪು ಬಂತು" ಎಂದರೆ ಹೊಟ್ಟೆಯ ತುಂಬ ಹೊಲಿಗೆ ಇದ್ದವರೂ ಮಂಚದಿಂದ ಕಾಲು ಇಳಿಬಿಡುತ್ತಿದ್ದರು.

ಅವನ ತರಗತಿಗೆ ವಾರ್ಡಿನಲ್ಲಿ ಕಲಿಸುತ್ತಿದ್ದ ಮೇಡಂ ಅವನಿಗಿಂತ ಚಿಕ್ಕವರು. ತೆಳ್ಳಗೆ, ನೆಟ್ಟಗೆ, ಮುಖದಲ್ಲಿ ನಗುವಿನ ಸುಳಿವಿಲ್ಲದೆ ಇರುತ್ತಿದ್ದ ಅವರಿಗೆ ಹುಡುಗಿಯರು ಥರ್ಮಾಮೀಟರ್ ಎಂದು ಹೆಸರಿಟ್ಟಿದ್ದರು. ಒಂದು ದಿನ ಅವರು ಅವನ ಬೆನ್ನ ಹಿಂದೆ ನಿಂತು ನೋಡಿದರು. ಅವನು ರೋಗಿಯೊಬ್ಬನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ, ಹಾಗೇ ಹರಟೆ ಹೊಡೆಯುತ್ತಿದ್ದ.

"ಉಸಿರು ಎಣಿಸಿದ್ರಾ?" ಎಂದು ಕೇಳಿದರು ಮೇಡಂ.

"ಎಣಿಸಿದೆ ಮೇಡಂ."

"ಮಾತಾಡ್ತಾ ಇರೋ ಮನುಷ್ಯನ ಉಸಿರನ್ನ ಹೇಗ್ರೀ ಎಣಿಸ್ತೀರ? ನೀವು ಬರೆದದ್ದು ಎಣಿಕೆ ಅಲ್ಲ, ಅಂದಾಜು."

ಅವನು ತಲೆ ಕೆರೆದುಕೊಂಡ. ಅವರು ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು: "ನಿಮ್ಮನ್ನ ಕಂಡ್ರೆ ಇವರಿಗೆಲ್ಲ ಇಷ್ಟ. ಅದು ಒಳ್ಳೇದೇ. ಆದ್ರೆ ನೆನಪಿರಲಿ, ಎಷ್ಟೋ ಸಲ ಅವರು ನಗೋದು ನಿಮ್ಮ ಸಂತೋಷಕ್ಕೆ. ನೀವು ಸುಮ್ಮನಾದಾಗ ಅವರ ಮುಖ ಹೇಗಿರುತ್ತೆ ಅಂತ ಒಂದ್ಸಲ ನೋಡಿ."

ಆ ಮಾತು ಅವನಿಗೆ ಹಿಡಿಸಲಿಲ್ಲ. ಇವರಿಗೆ ನಗಲು ಬರುವುದಿಲ್ಲ, ಅದಕ್ಕೇ ಹೀಗನ್ನುತ್ತಾರೆ ಎಂದುಕೊಂಡ.

ಆ ವಾರವೇ ಅವನ ಪಾಲಿಗೆ ಬಂದ ರೋಗಿ ಒಬ್ಬ ಬಡಗಿ. ಕರುಳಿಗೆ ಗಂಟು ಬಿದ್ದು, ಒಂದು ತುಂಡು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಕೂಡಿಸಿ ಹೊಲಿದಿದ್ದರು. ಬಡಗಿಗೂ ಬಾಯಿ ಸುಮ್ಮನಿರುತ್ತಿರಲಿಲ್ಲ. "ನಾನು ಜೋಡಿಸಿದ ಬಾಗಿಲು ಇವತ್ತಿಗೂ ಅಲ್ಲಾಡಿಲ್ಲ. ನಿಮ್ಮ ಡಾಕ್ಟರ ಜೋಡಣೆ ಹೇಗೋ ನೋಡೋಣ" ಎನ್ನುತ್ತಿದ್ದ. ಇಬ್ಬರಿಗೂ ಎಷ್ಟು ಹೊಂದಿಕೆಯಾಯಿತೆಂದರೆ ಅಕ್ಕಪಕ್ಕದ ಮಂಚದವರು ಕತ್ತು ಹೊರಳಿಸಿ ಇವರ ಮಾತಿಗೆ ಕಿವಿಗೊಡುತ್ತಿದ್ದರು. ಬಡಗಿಯ ಹೆಂಡತಿ ಸ್ಟೂಲಿನ ಮೇಲೆ ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು.

ಆಪರೇಷನ್ ಆಗಿ ಕೆಲವು ದಿನ ಕಳೆದಿದ್ದವು. ಅಂದು ಬೆಳಿಗ್ಗೆ ಅವನು ವಾರ್ಡಿಗೆ ಬಂದಾಗ ಬಡಗಿ ಮಗ್ಗುಲು ಬದಲಿಸುತ್ತಿದ್ದ, ಮತ್ತೆ ಬದಲಿಸುತ್ತಿದ್ದ. ಹೊದಿಕೆಯನ್ನು ಒದೆಯುವುದು, ಎಳೆದುಕೊಳ್ಳುವುದು.

"ಏನ್ ಯಜಮಾನ್ರೇ, ಇವತ್ತು ರಸ್ತೆ ಸರಿಯಿಲ್ವಾ?" ಎಂದ ಕಂಡಕ್ಟರ್.

"ಗುಂಡಿ ಜಾಸ್ತಿ" ಎಂದು ಬಡಗಿ ನಕ್ಕ. ಆದರೆ ನಗು ಅರ್ಧಕ್ಕೇ ನಿಂತಿತು. "ಯಾಕೋ ಸರಿ ಅನ್ನಿಸ್ತಿಲ್ಲ ಕಣಪ್ಪ. ಏನು ಅಂತ ಹೇಳೋಕೂ ಬರ್ತಿಲ್ಲ."

ಅವನು ಕೈ ಹಿಡಿದು ನೋಡಿದ. ಅಂಗೈ ತಣ್ಣಗೆ, ಒದ್ದೆ ಒದ್ದೆ. ನಾಡಿ ಓಡುತ್ತಿತ್ತು. ಮೇಡಂ ಹೇಳಿದ್ದು ನೆನಪಾಗಿ, ಬಾಯಿ ಮುಚ್ಚಿಕೊಂಡು, ಎದೆಯ ಏರಿಳಿತದ ಮೇಲೆ ಕಣ್ಣಿಟ್ಟ. ನಿಮಿಷಕ್ಕೆ ಮೂವತ್ತರ ಹತ್ತಿರ ಬಂತು, ಇರಬೇಕಾದ್ದು ಇಪ್ಪತ್ತರೊಳಗೆ. ತಪ್ಪಿರಬೇಕೆಂದು ಮತ್ತೆ ಎಣಿಸಿದ. ಅಷ್ಟೇ ಬಂತು. ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಬಿಗಿ. ಬಿಪಿ ಮಾತ್ರ ನಿನ್ನೆ ಇದ್ದಷ್ಟೇ ಇತ್ತು.

ವಾರ್ಡಿನ ಸಿಸ್ಟರ್ ಅಂದು ಒಬ್ಬರೇ. ಜೊತೆಯವರು ರಜೆ ಹಾಕಿದ್ದರು, ತುರ್ತು ವಿಭಾಗದಿಂದ ಹೊಸಬರನ್ನು ಸ್ಟ್ರೆಚರಿನಲ್ಲಿ ತಂದು ಬಾಗಿಲಲ್ಲೇ ನಿಲ್ಲಿಸಿದ್ದರು, ಫೋನು ಬೇರೆ ಬಡಿದುಕೊಳ್ಳುತ್ತಿತ್ತು. ಅವನು ಹೋಗಿ, "ಸಿಸ್ಟರ್, ಆ ಬಡಗಿಯವರು ಯಾಕೋ ಒಂಥರಾ ಇದ್ದಾರೆ" ಎಂದ.

"ಒಂಥರಾ ಅಂದ್ರೆ? ಬಿಪಿ ಎಷ್ಟು?"

"ಬಿಪಿ ಸರಿಯಾಗೇ ಇದೆ."

"ಹೊಟ್ಟೆ ಕೊಯ್ದಿದ್ದಾರೆ, ನೋವಿರಲ್ವಾ? ಡಾಕ್ಟರು ರೌಂಡ್ಸಿಗೆ ಬಂದಾಗ ಹೇಳ್ತೀನಿ. ನೀವು ಆ ಕಡೆ ಹಾಸಿಗೆ ಮುಗಿಸಿಬಿಡಿ."

ಆ ಹೆಂಗಸು ಕೆಟ್ಟವರಲ್ಲ. ಅವರಿಗೆ ಎರಡೇ ಕೈ ಇದ್ದವು, ಅಷ್ಟೇ. ಉಸಿರಿನ ಲೆಕ್ಕ ಅವನ ನಾಲಿಗೆಯ ತುದಿಯಲ್ಲಿತ್ತು, ಹೊಟ್ಟೆ ಬಿಗಿದದ್ದೂ ಇತ್ತು. ಅವನು ಹೇಳಲಿಲ್ಲ. ಕಲಿಯಲು ಬಂದವನು ನಾನು, ಇವರು ಇಷ್ಟು ವರ್ಷದಿಂದ ನೋಡುತ್ತಿರುವವರು ಎಂದುಕೊಂಡು ಹಿಂದಿರುಗಿದ.

ಬಡಗಿಯ ಹೆಂಡತಿ ಎದ್ದು ನಿಂತಿದ್ದಳು. "ಏನಂದ್ರು? ಏನಾದ್ರೂ ಆಗಿದೆಯಾ?"

"ಏನಿಲ್ಲ ಅಕ್ಕ. ಗ್ಯಾಸು ಸೇರ್ಕೊಂಡಿರುತ್ತೆ. ಸರಿಹೋಗುತ್ತೆ" ಎಂದ. ಬಸ್ಸು ಕೆಟ್ಟು ದಾರಿಯಲ್ಲಿ ನಿಂತಾಗಲೆಲ್ಲ ಪ್ರಯಾಣಿಕರಿಗೆ ಅವನು ಹೇಳುತ್ತಿದ್ದದ್ದೂ ಹೀಗೇ: ಇನ್ನೇನು ಹೊರಟೇ ಬಿಡ್ತೀವಿ. ಅವಳ ಮುಖ ಸಡಿಲವಾಗುವವರೆಗೂ ಏನೇನೋ ತಮಾಷೆ ಮಾಡಿದ. ಬಡಗಿಯೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದ. ಕಂಡಕ್ಟರಿನ ಕಣ್ಣು ಮಾತ್ರ ಮತ್ತೆ ಮತ್ತೆ ಬಡಗಿಯ ಎದೆಯ ಕಡೆಗೇ ಹೋಗುತ್ತಿತ್ತು.

ಗಂಟೆಗೂ ಮೀರಿ ಹೀಗೇ ಕಳೆಯಿತು. ಮೇಡಂ ಬಂದರು, ದೂರದಿಂದಲೇ ಬಡಗಿಯ ಮುಖ ಕಂಡರು, ನಡೆಯುತ್ತಿದ್ದವರು ಓಡಿದರು. ಮುಟ್ಟಿದ್ದು, ಹೊದಿಕೆ ಸರಿಸಿದ್ದು, ಫೋನು ಎತ್ತಿದ್ದು ಎಲ್ಲ ಒಂದೇ ಉಸಿರಿನಲ್ಲಿ. ಡಾಕ್ಟರು ಬಂದರು. ಹೊಲಿದ ಜಾಗ ಬಿಟ್ಟುಕೊಂಡು ಕರುಳಿನದೆಲ್ಲ ಹೊಟ್ಟೆಗೆ ಸೋರುತ್ತಿತ್ತು. ಮಂಚವನ್ನೇ ತಳ್ಳಿಕೊಂಡು ಥಿಯೇಟರಿಗೆ ಹೋದರು. ಆಪರೇಷನ್ ಆಯಿತು, ಆಮೇಲೆ ಐಸಿಯು. ನಂಜು ಮೈಗೆಲ್ಲ ಏರಿತ್ತು. ವಾರ ತುಂಬುವ ಮೊದಲೇ ಬಡಗಿ ತೀರಿಕೊಂಡ.

ಬಡಗಿಯ ಹೆಂಡತಿ ಸಾಮಾನು ತೆಗೆದುಕೊಳ್ಳಲು ವಾರ್ಡಿಗೆ ಬಂದಳು. ಲೋಟ, ಟವೆಲು, ಕನ್ನಡಕ. ಅವನನ್ನು ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಉಪಕಾರ ಮರೆಯಲ್ಲಪ್ಪ. ಕೊನೇವರೆಗೂ ಅವರನ್ನ ನಗಿಸ್ತಾ ಇದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಕೈ ಬಿಡಿಸಿಕೊಂಡು, ಕನ್ನಡಕವನ್ನು ಟವೆಲಿನಲ್ಲಿ ಸುತ್ತಿ ಅವಳ ಕೈಗಿಟ್ಟ.

ಮರುದಿನದಿಂದ ಅವನು ಬಿಳಿ ಕೋಟು ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಯಿಂದ ಹೊರಡುವನು, ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುವುದಿಲ್ಲ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಊರ ತುದಿಯವರೆಗೆ ಹೋಗುವುದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತುವುದು. ಯಾರೋ ಕೆಮ್ಮಿದರೆ ತಿರುಗಿ ಎದೆ ನೋಡುವನು, ಎಣಿಸತೊಡಗುವನು, ಮುಖ ಹೊರಳಿಸುವನು. ಒಂದು ದಿನ ಅತ್ತೆ ಅವನನ್ನು ಬಸ್ ನಿಲ್ದಾಣದಲ್ಲಿ ಕಂಡುಬಿಟ್ಟರು. ಮನೆಗೆ ಬಂದವರು ಈ ಸಲ ಒಂದೂ ಕುಹಕದ ಮಾತಾಡಲಿಲ್ಲ. ಮಗಳನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು.

ಮರುದಿನ ಸಂಜೆ ಹೆಂಡತಿ ಅಂಗಡಿ ಬೇಗ ಮುಚ್ಚಿ ಬಂದಳು. ಅವನು ಎಲ್ಲ ಹೇಳಿದ. "ನನ್ನಿಂದಾಗಲ್ಲ. ನಾನು ಟಿಕೆಟ್ ಹರಿಯೋಕೇ ಲಾಯಕ್ಕು" ಎಂದ.

"ಬಿಡೋದಾದ್ರೆ ಬಿಡಿ, ನಾನು ಬೇಡ ಅನ್ನಲ್ಲ" ಎಂದಳು ಅವಳು. "ಆದ್ರೆ ಹೇಳಿ ಬಿಡಿ. ಕದ್ದು ಓಡಾಡಬೇಡಿ. ನಿಮ್ಮ ಮೇಡಂ ದಿನಾ ಅಂಗಡಿಗೆ ಬಂದು ವಿಚಾರಿಸ್ತಾರೆ. ನಾನು ಜ್ವರ ಅಂತ ಸುಳ್ಳು ಹೇಳಿ ಹೇಳಿ ಸಾಕಾಗಿದೆ."

ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂಬುದು ಅವನಿಗೆ ಅರ್ಥವಾದದ್ದು ಆಗಲೇ.

ಬೆಳಿಗ್ಗೆ ಅವನು ಕಾಲೇಜಿಗೆ ಹೋದಾಗ ಮೇಡಂ ಅವನನ್ನು ಕಲಿಕೆಯ ಕೊಠಡಿಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಅಭ್ಯಾಸಕ್ಕಿಟ್ಟ ಪ್ಲಾಸ್ಟಿಕ್ ಗೊಂಬೆ ಬಾಯಿ ತೆರೆದು ಮಲಗಿತ್ತು. ಅವನು ನಿಂತೇ ಕೇಳಿದ: "ಮೊದಲೇ ಹೇಳಿದ್ರೆ ಬದುಕ್ತಿದ್ರಾ ಮೇಡಂ?"

"ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಬದುಕ್ತಿರಲಿಲ್ಲ ಅಂತ ಹೇಳಿ ನಿಮಗೆ ಸಮಾಧಾನ ಮಾಡೋಕೆ ನನ್ನ ಕೈಲಾಗಲ್ಲ."

ಮೇಡಂ ಮಂಚದ ಆಚೆ ಬದಿಗೆ ಹೋಗಿ ನಿಂತರು.

"ಸಿಸ್ಟರಿಗೆ ಏನಂತ ಹೇಳಿದ್ರಿ?"

"ಒಂಥರಾ ಇದ್ದಾರೆ ಅಂದೆ."

"ಒಂಥರಾ ಅನ್ನೋದಕ್ಕೆ ಯಾರು ಓಡಿ ಬರ್ತಾರೆ? ಉಸಿರು ಇಷ್ಟು, ನಾಡಿ ಇಷ್ಟು, ಹೊಟ್ಟೆ ಬಿಗಿದಿದೆ, ಹೊಲಿಗೆ ಬಿಟ್ಟಿರಬಹುದು ಅಂತ ನನಗೆ ಭಯ ಆಗ್ತಿದೆ, ಡಾಕ್ಟರನ್ನ ಈಗಲೇ ಕರೀರಿ. ಹೀಗೆ ಹೇಳಬೇಕು. ಕೇಳಲಿಲ್ಲ ಅಂದ್ರೆ ಇನ್ನೊಂದ್ಸಲ. ಆಗಲೂ ಕೇಳಲಿಲ್ಲ ಅಂದ್ರೆ ಅವರ ಮೇಲಿನವರಿಗೆ. ಬಿಪಿ ಬೀಳೋದು ಎಲ್ಲಕ್ಕಿಂತ ಕೊನೆಗೆ. ಪಾಠದಲ್ಲಿ ಇದನ್ನ ಹೇಳಿದ್ದೆ. ನಿಮ್ಮ ತಲೆಗೆ ಇಳಿಯೋ ಹಾಗೆ ಹೇಳಿರಲಿಲ್ಲ ಅಂತ ಕಾಣುತ್ತೆ." ಅವರು ಹಳೆಯ ಫೋನೊಂದನ್ನು ಅವನ ಕೈಗಿಟ್ಟರು. "ನಾನು ಡಾಕ್ಟರು. ಸಿಡುಕು ಬುದ್ಧಿ. ಹೇಳಿ."

ನೂರಾರು ಜನರ ಗದ್ದಲದ ಮೇಲೆ ಊರು ಊರಿನ ಹೆಸರು ಕೂಗಿದ ಗಂಟಲು ಅದು. ಗೊಂಬೆಯ ಮುಂದೆ ಅದರಿಂದ ಸ್ವರವೇ ಹೊರಡಲಿಲ್ಲ. ಮೇಡಂ ಕಾದರು. ಮತ್ತೆ ಮತ್ತೆ ಹೇಳಿಸಿದರು. ತಡವರಿಸಿ, ಬೆವತು, ಕೊನೆಗೊಮ್ಮೆ ಅವನು ಪೂರಾ ಹೇಳಿದ. "ನಾಳೆ ವಾರ್ಡಿಗೆ ಬನ್ನಿ" ಎಂದರು ಅವರು.

ಹೋದ. ಮೊದಲಿನ ಹಾಗೆ ಇರಲಾಗಲಿಲ್ಲ. ಹುಡುಗಿಯರು, "ಕಂಡಕ್ಟರಣ್ಣ, ಯಾಕೆ ಸೈಲೆಂಟು?" ಎಂದು ಕಿಚಾಯಿಸುವರು. ಅವನು ಮಂಚದಿಂದ ಮಂಚಕ್ಕೆ ಎದೆಗಳನ್ನು ನೋಡುತ್ತ ನಡೆಯುವನು. ಮನೆಯಲ್ಲಿ ಮಲಗಿದ ತನ್ನ ಮಗಳ ಉಸಿರನ್ನೂ ಎಣಿಸುವನು. ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಪಿತ್ತಕೋಶ ತೆಗೆಸಿಕೊಂಡಿದ್ದ ಒಬ್ಬ ಅಜ್ಜಿಯ ಉಸಿರು ಅವನಿಗೆ ಹೆಚ್ಚೆನಿಸಿತು. ಅದೇ ಸಿಸ್ಟರಿಗೆ ಲೆಕ್ಕ ಸಮೇತ ಹೇಳಿದ. ಅವರು, "ಸ್ವಲ್ಪ ನೋಡೋಣ" ಎಂದರು. ಅವನು ಅಲ್ಲಿಂದ ಕದಲದೆ ಇನ್ನೊಮ್ಮೆ ಹೇಳಿದ. ಸಿಸ್ಟರ್ ಅವನ ಮುಖ ನೋಡಿದರು, ಫೋನು ಎತ್ತಿದರು. ಡಾಕ್ಟರು ಊಟ ಬಿಟ್ಟು ಬಂದರು, ಮುಟ್ಟಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಏನೂ ಇರಲಿಲ್ಲ. ಅಜ್ಜಿ ಪಕ್ಕದ ಮಂಚದವಳ ಜೊತೆ ಜಗಳಾಡಿ ಏದುಸಿರು ಬಿಡುತ್ತಿದ್ದಳು. "ಇದಕ್ಕೆ ನನ್ನನ್ನ ಕರೆಸಿದ್ರಾ?" ಎಂದು ಡಾಕ್ಟರು ಎಲ್ಲರೆದುರು ಅವನ ನೀರಿಳಿಸಿ ಹೋದರು.

ಅವನು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಮೇಡಂ ಪಕ್ಕದಲ್ಲಿ ಹಾದುಹೋಗುತ್ತ, "ಸರಿ ಮಾಡಿದ್ರಿ" ಎಂದರು. ಅವರ ಬಾಯಿಂದ ಅವನು ಕೇಳಿದ ಮೊದಲ ಮೆಚ್ಚುಗೆ ಅದು. ಅದರಿಂದ ಸಂತೋಷವೇನೂ ಆಗಲಿಲ್ಲ.

ಕೊನೆಯ ಪರೀಕ್ಷೆ ಹತ್ತಿರವಾದಾಗ ಬಡಗಿಯ ಹೆಂಡತಿ ಅವನಿಗೆ ಆಸ್ಪತ್ರೆಯ ಗೇಟಿನ ಬಳಿ ಸಿಕ್ಕಳು. ಕಣ್ಣು ತೋರಿಸಲು ಬಂದಿದ್ದಳು. ಇಳಿದುಹೋಗಿದ್ದಳು. ಮಾತಾಡಿಸಿದಳು, ಅವನ ಮಗಳ ಓದು ಹೇಗಿದೆ ಎಂದು ಕೇಳಿದಳು. ಇನ್ನು ಸುಮ್ಮನಿರಲು ಅವನಿಂದಾಗಲಿಲ್ಲ.

"ಅಕ್ಕ, ಅವತ್ತು ಏನಿಲ್ಲ ಅಂದೆನಲ್ಲ, ನನಗೆ ಆಗಲೇ ಅನುಮಾನ ಬಂದಿತ್ತು. ಗಟ್ಟಿಯಾಗಿ ಹೇಳೋ ಧೈರ್ಯ ಆಗಲಿಲ್ಲ."

"ಅವರಿಗೂ ಬಂದಿತ್ತು" ಎಂದಳು. "ಬೆಳಗಿನ ಜಾವವೇ ಅಂದಿದ್ರು, ಒಳಗೇನೋ ಬಿಟ್ಟುಹೋಯ್ತು ಕಣೇ ಅಂತ. ಯಾರಿಗಾದ್ರೂ ಹೇಳ್ತೀನಿ ಅಂದೆ. ಬೇಡ, ಆ ಕಂಡಕ್ಟರ್ ಗಾಬರಿಯಾಗ್ತಾನೆ, ಪಾಪ ಇನ್ನೂ ಕಲೀತಿದ್ದಾನೆ ಅಂದ್ರು. ನೀವು ಬಂದು ಏನಿಲ್ಲ ಅಂದಾಗ, ನನ್ನ ಗಂಡಂದೇ ಅತಿಯಾಯ್ತು ಅಂದ್ಕೊಂಡೆ. ನೀವು ಒಂದೇ ಒಂದು ಮಾತು ಅಂದಿದ್ರೆ ನಾನು ಆ ಆಸ್ಪತ್ರೆ ಸೂರು ಹಾರಿಸಿಬಿಡ್ತಿದ್ದೆ."

ಅವನು ಕ್ಷಮೆ ಕೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಕಿಸಿದ ಔಷಧಿ ಉರಿಯುತ್ತಿದೆ ಎಂದು ಗೊಣಗಿ, ಹಿಂದೆ ತಿರುಗದೆ ರಸ್ತೆ ದಾಟಿ ಹೋದಳು. ಮತ್ತೆ ಅವಳು ಅವನ ಕಣ್ಣಿಗೆ ಬೀಳಲಿಲ್ಲ.

ಅವನು ಪಾಸಾದ. ಅದೇ ವಾರ್ಡಿನಲ್ಲೇ ಕೆಲಸವಾಯಿತು. ಕರೆದಾಗಲೆಲ್ಲ ಬರಬೇಕಾದ ಡಾಕ್ಟರುಗಳಿಗೆ ಅವನೆಂದರೆ ತಲೆನೋವು. ಹೊಸ ರೋಗಿಗಳ ಜೊತೆ ಈಗ ಮತ್ತೆ ಒಂದೆರಡು ಮಾತು ಹಗುರವಾಗಿ ಆಡುತ್ತಾನೆ. ಆಡಿದ ಮೇಲೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಅವರ ನಗು ಇಳಿಯುವವರೆಗೂ ಕಾಯುತ್ತಾನೆ.