ಕೆಟ್ಟ ಟೀ ಕುಡಿಸಿದ ಲೈನ್‌ಮನ್

ಲೈನ್‌ಮನ್ ಅಣ್ಣನ ಬಲಗಾಲಿನ ಚಪ್ಪಲಿಯಲ್ಲಿ ಒಂದು ಹಳ್ಳ ಇತ್ತು. ಅಂಗಾಲಿನ ನಟ್ಟನಡುವೆ, ಬೆರಳಗಲ. ಮೋಟರ್ ಸೈಕಲ್ಲಿನ ಕಿಕ್ಕರ್ ಒದ್ದೂ ಒದ್ದೂ ಬಿದ್ದ ಹಳ್ಳ. ಎಡಗಾಲಿನ ಚಪ್ಪಲಿ ಮಾತ್ರ ನೆಟ್ಟಗಿರುತ್ತಿತ್ತು. ಹಿಂದೂಪುರದಲ್ಲಿ ನನ್ನದು ಟೈಲರ್ ಅಂಗಡಿ. ಮೆಟ್ಟಿಲ ಬಳಿ ಆ ಚಪ್ಪಲಿ ಕಂಡರೆ ಸಾಕು, ಮಿಷನ್ನಿನಿಂದ ತಲೆ ಎತ್ತದೆಯೇ "ಬಾ ಅಣ್ಣಾ" ಅನ್ನುತ್ತಿದ್ದೆ.

ಲೇಪಾಕ್ಷಿ ಸುತ್ತಿನ ಹಳ್ಳಿಗಳಲ್ಲಿ ಅವರು ಹತ್ತದ ಕರೆಂಟ್ ಕಂಬವಿಲ್ಲ. ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಓಡಾಡಿದ್ದು ಅದೇ ಗಾಡಿಯಲ್ಲಿ, ರಿಟೈರ್ ಆದ ಮೇಲೂ ಅದೇ ಗಾಡಿ. ಹತ್ತುವ ಮೊದಲು ಕಂಬವನ್ನು ಬುಡದಿಂದ ತುದಿಯವರೆಗೆ ನೋಡುವ ಅಭ್ಯಾಸ ಎಲ್ಲದಕ್ಕೂ ಅಂಟಿಕೊಂಡಿತ್ತು. ನಾನು ಹೊಲಿದ ಶರ್ಟನ್ನೂ ಹಾಗೇ ನೋಡಿ, "ಜೇಬು ಒಂದೆಳೆ ಕೆಳಕ್ಕೆ ಬಂದ್ಬುಟ್ಟದೆ ಟೈಲರಪ್ಪ" ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಟೇಪು ಹಿಡಿದು ನೋಡಿದರೆ ಅವರು ಹೇಳಿದ್ದೇ ಸರಿ.

ತಿಂಗಳಿಗೊಂದು ಭಾನುವಾರ ನಾವು ನಾಲ್ವರು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಡುತ್ತಿದ್ದೆವು. ಲೈನ್‌ಮನ್ ಅಣ್ಣ, ನಾನು, ರಿಟೈರ್ ಆದ ಬಸ್ ಕಂಡಕ್ಟರ್, ಚಿಲಮತ್ತೂರಿನ ರೇಷ್ಮೆ ರೈತ. ಎಲ್ಲರವೂ ಸ್ಟಾರ್ಟ್ ಬಟನ್ ಇಲ್ಲದ, ಒದ್ದೇ ಎಬ್ಬಿಸಬೇಕಾದ ಹಳೇ ಗಾಡಿಗಳು. ಕಲ್ಯಾಣದುರ್ಗದಲ್ಲಿ ಇಂಥ ಗಾಡಿಗಳ ಮರ್ಮ ಬಲ್ಲ ಮೆಕ್ಯಾನಿಕ್ ಒಬ್ಬ ಇದ್ದಾನೆ ಅನ್ನುವುದು ಮನೆಯಲ್ಲಿ ಹೇಳುವ ನೆಪ. ನಿಜವಾದ ಕೆಲಸ ದಾರಿಯ ಹರಟೆ. ಯಾರ ಶುಗರ್ ಎಷ್ಟು, ಯಾರ ಕಣ್ಣಿಗೆ ಪೊರೆ ಬಂತು, ರಸ್ತೆ ಬದಿಯ ಹುಣಸೆ ಮರಗಳು ಎಲ್ಲಿ ಹೋದವು, ಇವೇ ಮಾತು. ಮೊದಲೆಲ್ಲ ಗಾಡಿ ನಿಂತರೆ ಹೊಲದಲ್ಲಿದ್ದವರು ಓಡಿ ಬಂದು "ಏನಾಯ್ತು ಅಣ್ಣಾ" ಅಂತ ಕೇಳುತ್ತಿದ್ದರು, ಮಜ್ಜಿಗೆ ಕೊಡುತ್ತಿದ್ದರು. ಈಗ ನಿಂತರೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಅಷ್ಟೇ.

ನಮಗೊಂದು ಕಟ್ಟುಪಾಡಿತ್ತು. ಅವರವರ ಗಾಡಿ ಅವರವರೇ ಒದೆಯಬೇಕು, ಯಾರೂ ತಳ್ಳಿಕೊಡಬಾರದು. ಮೂರು ಒದೆತಕ್ಕೆ ಸ್ಟಾರ್ಟ್ ಆಗದಿದ್ದರೆ ಅವನು ಎಲ್ಲರ ಹೊಗೆ ಕುಡಿಯುತ್ತಾ ಕೊನೆಯಲ್ಲಿ ಬರಬೇಕು. ಈ ಕಟ್ಟುಪಾಡು ಮಾಡಿದವರು ಲೈನ್‌ಮನ್ ಅಣ್ಣನೇ. ಅದರಲ್ಲೇ ಸಿಕ್ಕಿಹಾಕಿಕೊಂಡವರೂ ಅವರೇ.

ಹಿಂದೆ ಕಂಬದಿಂದ ಜಾರಿ ಪೆಟ್ಟಾಗಿದ್ದ ಬಲ ಮಂಡಿ ವಯಸ್ಸಾದಂತೆ ಕಾಟ ಕೊಡತೊಡಗಿತು. ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುವವರು, ನನ್ನೆದುರೇ ಹೇಳಿಬಿಟ್ಟರು. "ನೀವೇ ಸ್ಟಾರ್ಟ್ ಮಾಡ್ಕೊಳೋ ತನಕ ಗಾಡಿ ಇರ್ಲಿ. ಆಗ್ದಿದ್ದ ದಿನ ಕೊಟ್ಬುಡಬೇಕು. ಎಲ್ಲೋ ರೋಡಲ್ಲಿ ಬಿದ್ದಿದ್ದೀರಿ ಅಂತ ನಾನು ಕೇಳಬಾರ್ದು." ಅಣ್ಣ ಅನ್ನ ಕಲಸುತ್ತಾ "ಆಗ್ಲಿ" ಅಂದರು. ಆ ಗಾಡಿ ಹೋದರೆ ಈ ಮನುಷ್ಯನೂ ಮೂಲೆ ಸೇರುತ್ತಾನೆ ಅಂತ ನನಗೆ ಅನ್ನಿಸಿತು.

ಆಮೇಲೆ ಶುರುವಾಯಿತು ನೋಡಿ ಕೆಟ್ಟ ಟೀ. ಕಲ್ಯಾಣದುರ್ಗದ ದಾರಿಯಲ್ಲಿ, ಏರು ಹತ್ತಿದ ಮೇಲೆ, ಒಂದು ಟೀ ಅಂಗಡಿ. ಅಯ್ಯೋ, ಅದನ್ನು ಟೀ ಅಂದರೆ ಪಾಪ ಬರುತ್ತದೆ. ಪಾತ್ರೆ ತೊಳೆದ ನೀರು. ಕೆಳಗಡೆ ಬಯಲಿನಲ್ಲಿ ಒಳ್ಳೇ ಅಂಗಡಿ ಇದ್ದರೂ ಅಣ್ಣ ನಿಲ್ಲಿಸುತ್ತಿದ್ದುದು ಇಲ್ಲೇ.

"ಏನಣ್ಣ, ನಿನ್ ನಾಲಿಗೆಗೇನಾಗದೆ? ಈ ನೀರು ಕುಡ್ಸಕ್ಕೆ ಇಷ್ಟು ದೂರ ಕರ್ಕಂಡ್ ಬತ್ತೀಯಲ್ಲ!"

"ಹೂಂ ಕಣಪ್ಪ, ಕೆಟ್ಟದಾಗೇ ಅದೆ" ಅನ್ನುವರು. ಮತ್ತೊಂದು ಲೋಟ ತರಿಸುವರು. ನಾವು ಎದ್ದರೆ, "ಪದಂಡ್ರಾ, ನೀವು ಹೋಯ್ತಾ ಇರಿ, ಹಿಂದೇನೇ ಬತ್ತೀನಿ" ಅಂತ ತೆಲುಗು ಕನ್ನಡ ಬೆರೆಸಿ ಅಟ್ಟುವರು. ಎರಡು ವರ್ಷ ಹೀಗೇ ನಡೆಯಿತು. ಎರಡು ವರ್ಷವೂ ನಾನು ಗೊಣಗಿದೆ.

ಆಮೇಲೆ ರಸ್ತೆ ಅಗಲ ಮಾಡುವವರು ಬಂದು ಆ ಏರನ್ನೇ ಕಡಿದು ಸಮ ಮಾಡಿದರು. ಟೀ ಅಂಗಡಿಯೂ ರಸ್ತೆ ಮಟ್ಟಕ್ಕೆ ಇಳಿದಿತ್ತು. ಮುಂದಿದ್ದ ನಾವು ಅಭ್ಯಾಸದಂತೆ ನಿಲ್ಲಿಸಿದೆವು, ಅಣ್ಣನೂ ನಿಲ್ಲಿಸಿದರು. ಕೆಟ್ಟ ಟೀ ಕುಡಿದೆವು. ಅಣ್ಣ ಗಾಡಿಯ ಪಕ್ಕ ನಿಂತು ರಸ್ತೆಯನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು, ಕಂಬ ನೋಡಿದ ಹಾಗೆ. ಎಲ್ಲೂ ಇಳಿಜಾರಿಲ್ಲ. ನನ್ನ ಕಣ್ಣು ಅವರ ಚಪ್ಪಲಿಯ ಮೇಲೆ ಬಿತ್ತು. ಹೊಸ ಜೊತೆ ತಂದು ಎರಡು ವರ್ಷವಾಗಿತ್ತು. ಬಲಗಾಲಿನದರಲ್ಲಿ ಹಳ್ಳವೇ ಇಲ್ಲ.

ಥೂ ನನ್ನ ದಡ್ಡ ತಲೆಗೆ! ಗೇರಿಗೆ ಹಾಕಿ ಇಳಿಜಾರಿನಲ್ಲಿ ಬಿಟ್ಟರೆ ಒದೆಯದೆಯೇ ಗಾಡಿ ಸ್ಟಾರ್ಟ್ ಆಗುತ್ತದೆ. ಅವರು ಟೀಗಾಗಿ ಅಲ್ಲ, ಇಳಿಜಾರಿಗಾಗಿ ನಿಲ್ಲಿಸುತ್ತಿದ್ದರು. ಮನೆ ಇದ್ದದ್ದೂ ಗುಡ್ಡದ ಬೀದಿಯಲ್ಲಿ. ಕಲ್ಯಾಣದುರ್ಗದಲ್ಲಿ ಗಾಡಿ ಒದ್ದು ನೋಡುವವನು ಹೇಗೂ ಮೆಕ್ಯಾನಿಕ್ಕೇ.

ನನ್ನ ಗಾಡಿಯನ್ನು ಒಂದು, ಎರಡು, ಮೂರು, ಏಳು ಸಲ ಒದ್ದೆ. ಸ್ಟಾರ್ಟ್ ಆಗಲಿಲ್ಲ. "ವಯಸ್ಸಾಯ್ತು ಕಣ್ರಪ್ಪ, ಕಟ್ಟುಪಾಡು ಸಾಕು. ತಳ್ಳಿ!" ಅಂದೆ. ಕಂಡಕ್ಟರ್ ನನ್ನ ಮುಖವನ್ನೊಮ್ಮೆ ನೋಡಿ ತಳ್ಳಿದ. "ಹಂಗಾದ್ರೆ ನಂದೂ ತಳ್ರಪ್ಪ" ಅಂದ ಚಿಲಮತ್ತೂರಿನ ರೈತ. ಕೊನೆಗೆ ಅಣ್ಣ ಬಾಯಿ ಬಿಟ್ಟು ಕೇಳುವ ಮೊದಲೇ ಅವರ ಸೀಟಿನ ಹಿಂದೆ ನಮ್ಮ ಕೈಗಳಿದ್ದವು.

ಮುಂದೆ ಒಂದು ಬೇವಿನ ಮರದಡಿ ಅವರು ನನ್ನ ಪಕ್ಕ ಗಾಡಿ ತಂದರು, ಇಂಜಿನ್ ಆಫ್ ಮಾಡದೆಯೇ.

"ಕೀ ತಿರುಗಿಸ್ದೆ ಒದ್ರೆ ಯಾವ ಗಾಡಿ ಬತ್ತದೆ ಟೈಲರಪ್ಪ? ನಿನ್ ಹೊಲಿಗೆ ಕಾಣ್ತದೆ ಕಣಪ್ಪ." ಅಷ್ಟು ಹೇಳಿ ಮುಖ ತಿರುಗಿಸಿಕೊಂಡರು. ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡದವನಂತೆ ಇದ್ದೆ.

ಅದಾದ ಮೇಲೆ ಮೂರು ವರ್ಷ ಅವರು ಅದೇ ಗಾಡಿಯಲ್ಲಿ ನಮ್ಮ ಜೊತೆ ಬಂದರು. ಕಳೆದ ಬೇಸಿಗೆಯಲ್ಲಿ ಹೋಗಿಬಿಟ್ಟರು. ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಅಕ್ಕನ ಎದುರು ಕೂತು ಎಲ್ಲ ಒಪ್ಪಿಕೊಂಡೆ. ನಿಮಗೆ ಕೊಟ್ಟ ಮಾತು ತಪ್ಪಿಸಿದ್ದು ನಾವೇ, ಬಯ್ಯಿರಿ ಅಂದೆ.

"ನಂಗೊತ್ತಿಲ್ವಾ?" ಅಂದರು ಅಕ್ಕ. "ಬೆಳಗ್ಗೆ ಬೀದಿ ಇಳುಕಲಿಗೆ ತಳ್ಕಂಡು ಹೋಗೋರು. ನಾನು ಒಲೆ ಮುಂದೇನೇ ಕುಂತಿರ್ತಿದ್ದೆ. ಆಚೆಗೆ ಬಂದ್ರೆ ನೋಡ್ದಂಗಾಯ್ತದಲ್ಲಪ್ಪ."

ಈಗ ನನ್ನ ಮಂಡಿಯೂ ನೋಯುತ್ತದೆ. ಮಿಷನ್ ತುಳಿದ ಕಾಲು, ಎಷ್ಟು ದಿನ ತಡೆದೀತು? ಮೊನ್ನೆ ಭಾನುವಾರ ಕಲ್ಯಾಣದುರ್ಗದ ದಾರಿಯಲ್ಲಿ ಸೇತುವೆಯ ಮೇಲುಗಡೆ ಒಂದು ಹೊಸ ಟೀ ಅಂಗಡಿ ಕಂಡು ನಿಲ್ಲಿಸಿದೆ. ಮುಂದೆ ಒಳ್ಳೇ ಇಳಿಜಾರು. ಟೀ ಬಾಯಿಗಿಡಲಾಗದು. ಕಂಡಕ್ಟರ್ ಒಂದು ಗುಟುಕು ಕುಡಿದ, ರಸ್ತೆಯತ್ತ ನೋಡಿದ, ನನ್ನ ಕಾಲಿನತ್ತ ನೋಡಲಿಲ್ಲ.

"ಟೀ ಚೆನ್ನಾಗದೆ ಕಣಪ್ಪ" ಅಂದ. "ಇನ್ನೊಂದು ಹೇಳು."